‘ಗೋ ಅಹೆಡ್’ ಎಂದರೆ ಮುಂದೆ ಹೋಗುವುದೇ?



ಇಂಗ್ಲಿಷಿನ ಒಂದು ಚಿಕ್ಕ ವಾಕ್ಯದಿಂದ ಈ ಪಾಠವನ್ನು ಆರಂಭಿಸೋಣ: ‘ಮಂಡೇಸ್ ಎಗ್ಸಾಮ್ ವಿಲ್ ಗೋ ಅಹೆಡ್.’ ಇದರಲ್ಲಿ ನಿಮಗೆ ತಿಳಿಯದ ಪದ ಒಂದೂ ಇಲ್ಲ. ‘ಮಂಡೇ’ ಎಂದರೆ ಸೋಮವಾರ, ‘ಎಗ್ಸಾಮ್’ ಎಂದರೆ ಪರೀಕ್ಷೆ, ‘ಗೋ’ ಎಂದರೆ ಹೋಗು, ‘ಅಹೆಡ್’ ಎಂದರೆ ಮುಂದೆ. ಪದಕ್ಕೆ ಪದವನ್ನಿಟ್ಟು ಕನ್ನಡಕ್ಕೆ ತಂದರೆ ‘ಸೋಮವಾರದ ಪರೀಕ್ಷೆ ಮುಂದೆ ಹೋಗುವುದು’ ಎಂದಾಗುತ್ತದೆ. ನಮ್ಮ ಆಡುಮಾತಿನಲ್ಲಿ ಪರೀಕ್ಷೆ ಮುಂದೆ ಹೋಯಿತು ಎಂದರೆ ಏನರ್ಥ? ಅದನ್ನು ಮುಂದೂಡಿದರು, ಗೊತ್ತುಮಾಡಿದ ದಿನ ಅದು ಇಲ್ಲ ಎಂದರ್ಥ. ಹೀಗೆ ತಿಳಿದುಕೊಂಡ ಹುಡುಗ ಸೋಮವಾರ ಮನೆಯಲ್ಲೇ ಉಳಿಯುತ್ತಾನೆ. ಆದರೆ ಇಂಗ್ಲಿಷ್ ವಾಕ್ಯ ಹೇಳಿದ್ದು ಇದಕ್ಕೆ ತೀರ ವಿರುದ್ಧವಾದುದನ್ನು: ಏನೇ ಅಡ್ಡಿ ಇದ್ದರೂ ಸೋಮವಾರದ ಪರೀಕ್ಷೆ ಸೋಮವಾರವೇ ನಡೆಯುತ್ತದೆ.

ಇದು ಬರಿಯ ವ್ಯಾಕರಣದ ಕಸರತ್ತಲ್ಲ. ನಮ್ಮ ಕಾಸರಗೋಡಿನಲ್ಲಿ ಜೂನ್, ಜುಲೈ ತಿಂಗಳುಗಳಲ್ಲಿ ಮಳೆ ಬಿರುಸಾದಾಗ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರುವುದುಂಟು. ಅಂಥ ಪ್ರಕಟಣೆಯ ಕೊನೆಯಲ್ಲಿ, ಮೊದಲೇ ಗೊತ್ತುಮಾಡಿದ ಪರೀಕ್ಷೆಗಳಿಗೆ ಬದಲಾವಣೆ ಇಲ್ಲ ಎಂಬ ಸಾಲೂ ಇರುವುದುಂಟು. ಇಂಗ್ಲಿಷಿನಲ್ಲಿ ಆ ಸಾಲು ‘ಗೋ ಅಹೆಡ್’ ಎಂಬ ಎರಡೇ ಪದಗಳಲ್ಲಿ ಅಡಗಿರಬಹುದು. ಆ ಎರಡು ಪದಗಳ ಅರ್ಥ ತಪ್ಪಿದರೆ ಪರೀಕ್ಷೆಯೇ ತಪ್ಪಿಹೋದೀತು. ಆದುದರಿಂದ ಈ ನುಡಿಯನ್ನು ತುಸು ನಿಧಾನವಾಗಿ ಅಭ್ಯಾಸ ಮಾಡೋಣ.

1. ಹಡಗಿನಿಂದ ಬಂದ ಮಾತು

‘ಅಹೆಡ್’ ಎಂಬುದು ಎರಡು ತುಂಡುಗಳಿಂದಾದ ಪದ. ‘ಹೆಡ್’ ಎಂದರೆ ತಲೆ. ಅದರ ಮುಂದಿರುವ ‘ಅ’ ಹಳೆಯ ಇಂಗ್ಲಿಷಿನ ‘ಆನ್’ ಎಂಬುದರ ಸವೆದ ರೂಪ. ‘ಅಶೋರ್’ ಎಂದರೆ ದಡದ ಮೇಲೆ, ‘ಅಬೋರ್ಡ್’ ಎಂದರೆ ಹಡಗಿನ ಮೇಲೆ, ‘ಅಸೈಡ್’ ಎಂದರೆ ಬದಿಗೆ. ಇವೆಲ್ಲ ಇದೇ ಕುಲದ ಪದಗಳು. ಹಡಗಿನ ಮುಂತುದಿಯನ್ನು ನಾವಿಕರು ‘ಹೆಡ್’ ಎಂದು ಕರೆಯುತ್ತಿದ್ದರು. ತಲೆಯ ದಿಕ್ಕಿನಲ್ಲಿ, ಅಂದರೆ ಹಡಗು ಮೊಗಮಾಡಿದ ದಿಕ್ಕಿನಲ್ಲಿ ಇರುವುದೆಲ್ಲ ‘ಅಹೆಡ್’. ಹಿಂತುದಿಯ ಕಡೆಗಿರುವುದು ‘ಅಸ್ಟರ್ನ್’. ಸುಮಾರು 400 ವರ್ಷಗಳ ಹಿಂದೆ ಇದು ಕಡಲಿನವರ ಮಾತಾಗಿತ್ತು. ಆಮೇಲೆ ದಡಕ್ಕೆ ಬಂದು ಎಲ್ಲರ ಬಾಯಿಗೆ ಬಿತ್ತು. ಇಂದಿಗೂ ಹಡಗಿನ ಯಂತ್ರದ ಕೋಣೆಗೆ ಕೊಡುವ ಆಜ್ಞೆಗಳಲ್ಲಿ ‘ಸ್ಲೋ ಅಹೆಡ್’, ‘ಹಾಫ್ ಅಹೆಡ್’, ‘ಫುಲ್ ಅಹೆಡ್’ ಎಂಬ ಮಾತುಗಳು ಉಳಿದಿವೆ. ನಿಧಾನವಾಗಿ ಮುಂದಕ್ಕೆ, ಅರ್ಧ ವೇಗದಿಂದ ಮುಂದಕ್ಕೆ, ಪೂರ್ಣ ವೇಗದಿಂದ ಮುಂದಕ್ಕೆ ಎಂದು ಇವುಗಳ ಅರ್ಥ.

ಈ ಹಡಗಿನ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅಲೆ ಎದ್ದರೂ ಗಾಳಿ ಬೀಸಿದರೂ ಹಡಗು ನಿಲ್ಲದೆ ತನ್ನ ದಾರಿಯಲ್ಲಿ ಸಾಗುತ್ತದೆ. ‘ಎಗ್ಸಾಮ್ ವಿಲ್ ಗೋ ಅಹೆಡ್’ ಎಂದಾಗ ಇಂಗ್ಲಿಷಿನವನು ಕಾಣುವುದು ಇದೇ ಚಿತ್ರವನ್ನು. ಪರೀಕ್ಷೆ ನಿಲ್ಲುವುದಿಲ್ಲ, ಅದು ತನ್ನ ದಾರಿಯಲ್ಲಿ ಸಾಗುತ್ತದೆ. ಕನ್ನಡದ ‘ಮುಂದೆ ಹೋಯಿತು’ ಎಂಬ ಮಾತಿನಲ್ಲಿರುವ ಚಿತ್ರ ಬೇರೆ. ನಾವು ಇಂದು ನಿಂತಿದ್ದೇವೆ, ನಮ್ಮೆದುರಿಗೆ ಬರಲಿರುವ ದಿನಗಳ ಸಾಲು ಇದೆ. ಪರೀಕ್ಷೆ ಆ ಸಾಲಿನಲ್ಲಿ ಇನ್ನಷ್ಟು ದೂರ ಸರಿದು ಕುಳಿತಿತು. ಎರಡು ಭಾಷೆಗಳಲ್ಲಿಯೂ ‘ಹೋಗು’ ಇದೆ, ಎರಡರಲ್ಲಿಯೂ ‘ಮುಂದೆ’ ಇದೆ. ಆದರೆ ಒಂದರಲ್ಲಿ ಕೆಲಸ ನಡೆಯಿತು, ಇನ್ನೊಂದರಲ್ಲಿ ನಡೆಯಲಿಲ್ಲ.

2. ನಾಲ್ಕು ಅರ್ಥಗಳು

ಮೊದಲನೆಯ ಅರ್ಥ: ಇತರರಿಗಿಂತ ಮುಂದಾಗಿ ಹೋಗು. ‘ಯೂ ಗೋ ಅಹೆಡ್, ಐ ವಿಲ್ ಫಾಲೋ’ ಎಂದರೆ ‘ನೀನು ಮುಂದೆ ಹೋಗು, ನಾನು ಹಿಂದಿನಿಂದ ಬರುತ್ತೇನೆ.’ ಇಲ್ಲಿ ಕನ್ನಡವೂ ಇಂಗ್ಲಿಷೂ ಒಂದೇ ಹೆಜ್ಜೆ ಹಾಕುತ್ತವೆ. ತೊಡಕಿಲ್ಲ.

ಎರಡನೆಯ ಅರ್ಥ: ಅನುಮತಿ ಕೊಡುವುದು. ‘ಮೇ ಐ ಆಸ್ಕ್ ಎ ಕ್ವೆಶ್ಚನ್?’ ಎಂದು ಕೇಳಿದವನಿಗೆ ‘ಗೋ ಅಹೆಡ್’ ಎಂದು ಉತ್ತರಿಸಿದರೆ ‘ಆಗಲಿ, ಕೇಳು’ ಎಂದರ್ಥ. ಇಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ. ಕನ್ನಡದಲ್ಲಿ ಇದಕ್ಕೆ ‘ಮುಂದೆ ಹೋಗು’ ಎಂದರೆ ನಗೆಗೀಡಾಗುತ್ತದೆ. ‘ಆಗಲಿ’, ‘ಹೇಳು’, ‘ಮಾಡು’, ‘ಅಡ್ಡಿಯಿಲ್ಲ’ ಎಂಬಿವುಗಳಲ್ಲಿ ಸಂದರ್ಭಕ್ಕೆ ಒಪ್ಪುವುದನ್ನು ಆರಿಸಬೇಕು. ಸಿಟ್ಟಿನ ದನಿಯಲ್ಲಿ ಹೇಳಿದರೆ ಇದೇ ಮಾತು ಸವಾಲೂ ಆಗುತ್ತದೆ: ‘ಮಾಡು ನೋಡೋಣ!’ ಅರ್ಥ ಯಾವುದೆಂಬುದನ್ನು ಆಗ ದನಿಯೇ ಹೇಳುತ್ತದೆ.

ಮೂರನೆಯ ಅರ್ಥ: ಯೋಚಿಸಿದ್ದನ್ನು ಅಡ್ಡಿ ಅನುಮಾನಗಳ ನಡುವೆಯೂ ಕೈಗೊಳ್ಳುವುದು. ‘ದೇ ವೆಂಟ್ ಅಹೆಡ್ ವಿತ್ ದಿ ಪ್ಲೇ’ ಎಂದರೆ ‘ಅವರು ನಾಟಕವನ್ನು ಆಡಿಯೇ ಬಿಟ್ಟರು.’ ಕನ್ನಡದ ‘ಆಡಿಯೇ ಬಿಟ್ಟರು’ ಎಂಬುದರ ಒತ್ತನ್ನು ಗಮನಿಸಿ. ‘ನಾಟಕ ಆಡಿದರು’ ಎಂದಷ್ಟೇ ಹೇಳಿದರೆ ಆ ಅಡ್ಡಿಯ ನೆರಳು ಕಾಣುವುದಿಲ್ಲ. ಇಂಗ್ಲಿಷಿನ ‘ಗೋ ಅಹೆಡ್’ ಮಾಡುವ ಕೆಲಸವನ್ನು ನಮ್ಮಲ್ಲಿ ‘ಬಿಡು’ ಎಂಬ ಸಹಾಯಕ ಕ್ರಿಯಾಪದವೂ ಅದಕ್ಕೆ ಮೊದಲಿನ ‘ಏ’ಕಾರವೂ ಸೇರಿ ಮಾಡುತ್ತವೆ.

ನಾಲ್ಕನೆಯ ಅರ್ಥ: ಗೊತ್ತುಮಾಡಿದ ಕಾರ್ಯಕ್ರಮ ತಪ್ಪದೆ ನಡೆಯುವುದು. ‘ದಿ ಮ್ಯಾಚ್ ವೆಂಟ್ ಅಹೆಡ್ ಇನ್ ಸ್ಪೈಟ್ ಆಫ್ ದಿ ರೇನ್’ ಎಂದರೆ ‘ಮಳೆ ಬಂದರೂ ಪಂದ್ಯ ನಡೆಯಿತು.’ ‘ಪಂದ್ಯ ಮುಂದೆ ಹೋಯಿತು’ ಎಂದು ಬರೆದರೆ ಅರ್ಥ ತಲೆಕೆಳಗಾಗುತ್ತದೆ. ಹೆಚ್ಚು ಎಚ್ಚರ ಬೇಕಾದುದು ಇಲ್ಲಿಯೇ.

3. ಬಳಸುವ ಕ್ರಮ

‘ಗೋ ಅಹೆಡ್’ ಅಕರ್ಮಕ. ನೇರವಾಗಿ ಒಂದು ಕರ್ಮಪದವನ್ನು ಅದು ಹೊರುವುದಿಲ್ಲ. ‘ವೀ ವೆಂಟ್ ಅಹೆಡ್ ದಿ ವರ್ಕ್’ ಎಂಬುದು ತಪ್ಪು. ‘ವೀ ವೆಂಟ್ ಅಹೆಡ್ ವಿತ್ ದಿ ವರ್ಕ್’ ಎಂಬುದು ಸರಿ. ನಡುವೆ ‘ವಿತ್’ ಎಂಬ ಸೇತುವೆ ಬೇಕು. ಇದನ್ನು ಕನ್ನಡದ ಮೂಲಕ ನೆನಪಿಟ್ಟುಕೊಳ್ಳುವುದು ಸುಲಭ. ‘ಕೆಲಸ ಮುಂದುವರಿಯಿತು’ ಎಂಬಲ್ಲಿ ಕರ್ಮ ಬೇಡ. ‘ಕೆಲಸವನ್ನು’ ಎಂದೊಡನೆ ನಾವು ‘ಮುಂದುವರಿಸಿದೆವು’ ಎನ್ನುತ್ತೇವೆ, ‘ಮುಂದುವರಿದೆವು’ ಎನ್ನುವುದಿಲ್ಲ. ಕನ್ನಡದಲ್ಲಿ ‘ಇಸು’ ಪ್ರತ್ಯಯ ಮಾಡುವ ಕೆಲಸವನ್ನು ಇಲ್ಲಿ ಇಂಗ್ಲಿಷಿನ ‘ವಿತ್’ ಮಾಡುತ್ತದೆ. ‘ಇಸು’ ಬೇಕಾದಲ್ಲಿ ‘ವಿತ್’ ಬೇಕು ಎಂಬ ಒಂದು ಸೂತ್ರ ಸಾಕು.

ಇನ್ನೊಂದು ಕ್ರಿಯಾಪದವನ್ನು ಸೇರಿಸಬೇಕಾದರೆ ನಡುವೆ ‘ಅಂಡ್’ ಬರುತ್ತದೆ. ‘ಗೋ ಅಹೆಡ್ ಅಂಡ್ ಈಟ್, ಡೋಂಟ್ ವೇಟ್ ಫಾರ್ ಮಿ’ ಎಂದರೆ ‘ನನಗಾಗಿ ಕಾಯಬೇಡ, ನೀನು ಊಟಮಾಡು.’

‘ಅಹೆಡ್’ ಪದದ ಹಿಂದೆ ‘ಟು’ ಸೇರಿಸಬಾರದು. ಕನ್ನಡದಲ್ಲಿ ‘ಮುಂದಕ್ಕೆ’ ಎಂಬ ಚತುರ್ಥಿ ವಿಭಕ್ತಿಯ ರೂಪವಿರುವುದರಿಂದ ‘ಗೋ ಟು ಅಹೆಡ್’ ಎಂದು ಬರೆಯುವ ಮನಸ್ಸಾಗುತ್ತದೆ. ಆದರೆ ‘ಅಹೆಡ್’ ಅವ್ಯಯ. ‘ಮುಂದಕ್ಕೆ’ ಎಂಬುದರ ‘ಕ್ಕೆ’ ಅದರ ಹೊಟ್ಟೆಯೊಳಗೇ ಇದೆ.

ಭೂತಕಾಲದಲ್ಲಿ ‘ವೆಂಟ್ ಅಹೆಡ್’, ‘ಹ್ಯಾಸ್’ ಅಥವಾ ‘ಹ್ಯಾವ್’ ಬಂದಾಗ ‘ಗಾನ್ ಅಹೆಡ್’ ಆಗುತ್ತದೆ. ಬದಲಾಗುವುದು ಮೊದಲ ಪದ ಮಾತ್ರ. ‘ಅಹೆಡ್’ ಎಂದಿಗೂ ಹಾಗೆಯೇ ಉಳಿಯುತ್ತದೆ. ಬರೆಯುವಾಗ ‘ಅ’ವನ್ನು ‘ಹೆಡ್’ನಿಂದ ಬಿಡಿಸಬಾರದು. ಬಿಡಿಸಿದರೆ ‘ಎ ಹೆಡ್’, ಅಂದರೆ ‘ಒಂದು ತಲೆ’ ಎಂದಾಗುತ್ತದೆ.

ಉಚ್ಚಾರದಲ್ಲೂ ಒಂದು ಸೂಕ್ಷ್ಮವಿದೆ. ಕ್ರಿಯಾಪದವಾಗಿ ಬಳಸುವಾಗ ಒತ್ತು ‘ಹೆಡ್’ ಮೇಲೆ ಬೀಳುತ್ತದೆ. ಇದೇ ನುಡಿ ‘ಗೋ-ಅಹೆಡ್’ ಎಂದು ಗೀಟಿನಿಂದ ಜೋಡಿಸಿದ ನಾಮಪದವಾದಾಗ ಒತ್ತು ‘ಗೋ’ ಮೇಲೆ ಬೀಳುತ್ತದೆ. ಅರ್ಥ ‘ಒಪ್ಪಿಗೆ’ ಅಥವಾ ‘ಮಂಜೂರಾತಿ’. ‘ದಿ ಬ್ರಿಡ್ಜ್ ಹ್ಯಾಸ್ ಗಾಟ್ ದಿ ಗೋ-ಅಹೆಡ್’ ಎಂದು ಪತ್ರಿಕೆಯಲ್ಲಿ ಓದಿದರೆ, ಸೇತುವೆಗೆ ಒಪ್ಪಿಗೆ ಸಿಕ್ಕಿದೆ ಎಂದಷ್ಟೇ ತಿಳಿಯಬೇಕು. ಕೆಲಸ ಆರಂಭವಾಯಿತೆಂದು ಆ ವಾಕ್ಯ ಹೇಳುವುದಿಲ್ಲ. ಇದೇ ರೂಪ ವಿಶೇಷಣವೂ ಆಗುತ್ತದೆ. ಆಗ ‘ಉತ್ಸಾಹಿ, ಸಾಹಸಿ’ ಎಂಬ ಅರ್ಥ. 19ನೆಯ ಶತಮಾನದ ಅಮೆರಿಕದಲ್ಲಿ ಈ ನುಡಿ ಬಹಳ ಜನಪ್ರಿಯವಾಗಿತ್ತು. 1836ರಲ್ಲಿ ಅಲಾಮೋ ಕೋಟೆಯ ಕಾಳಗದಲ್ಲಿ ಮಡಿದ ಡೇವಿ ಕ್ರಾಕೆಟ್ ಎಂಬ ಗಡಿನಾಡಿನ ಬೇಟೆಗಾರ ಮತ್ತು ರಾಜಕಾರಣಿ ತನ್ನ ಧ್ಯೇಯವಾಕ್ಯದಲ್ಲಿ ಇದನ್ನು ಬಳಸಿ ಮನೆಮಾತು ಮಾಡಿದ.

4. ನೆರೆಹೊರೆಯ ನುಡಿಗಳು

ಮುನ್ನಡೆಯನ್ನು ಸೂಚಿಸುವ ಇನ್ನೂ ಕೆಲವು ನುಡಿಗಳು ಇಂಗ್ಲಿಷಿನಲ್ಲಿವೆ. ಒಂದರ ಸ್ಥಳದಲ್ಲಿ ಇನ್ನೊಂದನ್ನು ಇಟ್ಟರೆ ಅರ್ಥ ಕೆಡುತ್ತದೆ.

‘ಗೋ ಆನ್’: ಈಗಾಗಲೇ ಆರಂಭವಾದುದನ್ನು ನಿಲ್ಲಿಸದಿರುವುದು. ಪಾಠ ಓದುತ್ತಿದ್ದವನು ನಡುವೆ ತಡೆದು ನಿಂತಾಗ ಅಧ್ಯಾಪಕರು ‘ಗೋ ಆನ್’ ಎನ್ನುತ್ತಾರೆ. ಓದಲೇ ಎಂದು ಎದ್ದುನಿಂತು ಕೇಳುವವನಿಗೆ ‘ಗೋ ಅಹೆಡ್’ ಎನ್ನುತ್ತಾರೆ. ಕನ್ನಡದಲ್ಲಿ ಎರಡಕ್ಕೂ ‘ಮುಂದುವರಿಸು’ ಎಂದುಬಿಡುತ್ತೇವೆ. ಆದುದರಿಂದಲೇ ಈ ಎರಡು ನಮಗೆ ಬೆರೆತುಹೋಗುತ್ತವೆ. ಆರಂಭಿಸಲು ಒಪ್ಪಿಗೆಯಾದರೆ ‘ಅಹೆಡ್’, ಆರಂಭಿಸಿದ್ದನ್ನು ಬಿಡಬೇಡ ಎಂದಾದರೆ ‘ಆನ್’ ಎಂದು ಸ್ಥೂಲವಾಗಿ ತಿಳಿದುಕೊಳ್ಳಬಹುದು.

‘ಗೆಟ್ ಅಹೆಡ್’: ಇತರರನ್ನು ಹಿಂದೆ ಹಾಕಿ ಮೇಲೇರುವುದು, ಜೀವನದಲ್ಲಿ ಯಶಸ್ಸು ಪಡೆಯುವುದು. ‘ಶೀ ವರ್ಕ್ಡ್ ಹಾರ್ಡ್ ಟು ಗೆಟ್ ಅಹೆಡ್’ ಎಂದರೆ ‘ಮುಂದೆ ಬರಲು ಅವಳು ಕಷ್ಟಪಟ್ಟು ದುಡಿದಳು.’ ಇಲ್ಲಿ ಒಂದು ಸ್ವಾರಸ್ಯವಿದೆ. ಅನ್ಯರ ಏಳಿಗೆಯನ್ನು ಹೇಳುವಾಗ ಕನ್ನಡಿಗರು ‘ಮುಂದೆ ಬಂದ’ ಎನ್ನುತ್ತಾರೆ, ‘ಮುಂದೆ ಹೋದ’ ಎನ್ನುವುದಿಲ್ಲ. ಇದನ್ನು ಪದಕ್ಕೆ ಪದವಿಟ್ಟು ‘ಹೀ ಕೇಮ್ ಫಾರ್ವರ್ಡ್ ಇನ್ ಲೈಫ್’ ಎಂದು ಬರೆದರೆ ತಪ್ಪು. ಇಂಗ್ಲಿಷಿನ ‘ಕಮ್ ಫಾರ್ವರ್ಡ್’ ಎಂದರೆ ಸಾಕ್ಷಿ ಹೇಳಲೋ ಸಹಾಯ ಮಾಡಲೋ ತಾನಾಗಿ ಮುಂದಾಗುವುದು. ರಕ್ತದಾನಕ್ಕೆ ಹತ್ತು ಮಂದಿ ಮುಂದೆ ಬಂದರು ಎನ್ನುವಲ್ಲಿ ಅದು ಸಲ್ಲುತ್ತದೆ.

‘ಗೆಟ್ ಆನ್’: ಪ್ರಗತಿ ಹೊಂದುವುದು ಎಂಬುದು ಇದರ ಒಂದು ಅರ್ಥ, ಹೊಂದಿಕೊಂಡು ಬಾಳುವುದು ಇನ್ನೊಂದು. ‘ಹೌ ಆರ್ ಯೂ ಗೆಟ್ಟಿಂಗ್ ಆನ್ ವಿತ್ ಯುವರ್ ಸ್ಟಡೀಸ್?’ ಎಂದರೆ ‘ನಿನ್ನ ಓದು ಹೇಗುಂಟು?’ ‘ದೇ ಗೆಟ್ ಆನ್ ವೆಲ್’ ಎಂದರೆ ‘ಅವರು ಅನ್ಯೋನ್ಯವಾಗಿದ್ದಾರೆ.’

‘ಬ್ರಿಂಗ್ ಫಾರ್ವರ್ಡ್’: ದಿನಾಂಕದ ವಿಷಯದಲ್ಲಿ ಇದಕ್ಕೆ ಹಿಂದಕ್ಕೆ ತರುವುದು, ಅಂದರೆ ಗೊತ್ತುಮಾಡಿದ ದಿನಕ್ಕಿಂತ ಮುಂಚೆಯೇ ನಡೆಸುವುದು ಎಂದರ್ಥ. 20ನೆಯ ತಾರೀಕಿನ ಸಭೆಯನ್ನು 15ಕ್ಕೆ ‘ಬ್ರಿಂಗ್ ಫಾರ್ವರ್ಡ್’ ಮಾಡಬಹುದು, 25ಕ್ಕೆ ಆಗದು. 25ಕ್ಕೆ ಹಾಕಬೇಕಾದರೆ ‘ಪುಟ್ ಆಫ್’ ಅಥವಾ ‘ಪೋಸ್ಟ್‌ಪೋನ್’ ಎನ್ನಬೇಕು. ‘ಪೋಸ್ಟ್‌ಪೋನ್’ ಪದಕ್ಕೆ ಎದುರಾಗಿ ನಮ್ಮ ದೇಶದಲ್ಲಿ ‘ಪ್ರಿಪೋನ್’ ಎಂಬ ಪದ ರೂಢಿಯಲ್ಲಿದೆ. ಅದು ಆಕ್ಸ್‌ಫರ್ಡ್ ನಿಘಂಟಿನಲ್ಲೂ ಸೇರಿದೆ. ಆದರೆ ಹೊರದೇಶದವರಿಗೆ ಬರೆಯುವಾಗ ‘ಬ್ರಿಂಗ್ ಫಾರ್ವರ್ಡ್’ ಎಂದರೆ ಬೇಗ ತಿಳಿಯುತ್ತದೆ.

5. ನಮ್ಮ ‘ಮುಂದೆ’ಯ ಎರಡು ಮುಖ

ಇಷ್ಟೆಲ್ಲ ಗೊಂದಲಕ್ಕೆ ಇಂಗ್ಲಿಷೊಂದೇ ಕಾರಣವಲ್ಲ. ನಮ್ಮ ‘ಮುನ್’ ಎಂಬ ಮೂಲವನ್ನು ನೋಡಿ. ‘ಮುನ್ನ’, ‘ಮುಂಚೆ’ ಎಂದರೆ ಕಳೆದ ಕಾಲ ಅಥವಾ ಮೊದಲು. ‘ಮುಂದೆ’ ಎಂದರೆ ಬರಲಿರುವ ಕಾಲ. ಮುಂಜಾನೆ, ಮುನ್ನುಡಿ, ಮುಂಗಾರು, ಮುಂಗಡ ಎಂಬಲ್ಲೆಲ್ಲ ‘ಮೊದಲು’ ಎಂಬ ಅರ್ಥ. ಮುನ್ನಡೆ, ಮುಂದೂಡು ಎಂಬಲ್ಲಿ ‘ಆಚೆಗೆ’ ಎಂಬ ಅರ್ಥ. ಒಂದೇ ಬೇರಿನಿಂದ ಹಿಂದಿನದಕ್ಕೂ ಮುಂದಿನದಕ್ಕೂ ಕೊಂಬೆಗಳು ಒಡೆದಿವೆ. ನಮ್ಮ ಊರಿನ ತುಳುವಿನಲ್ಲಿ ‘ದುಂಬು’ ಎಂಬ ಒಂದೇ ಪದ ‘ಎದುರಿಗೆ’ ಎಂಬುದಕ್ಕೂ ‘ಹಿಂದಿನ ಕಾಲದಲ್ಲಿ’ ಎಂಬುದಕ್ಕೂ ಸಲ್ಲುತ್ತದೆ. ಮಲಯಾಳದ ‘ಮುನ್ಪ್’ ಎಂದರೆ ಮೊದಲು, ‘ಮುನ್ನೋಟ್ಟ್’ ಎಂದರೆ ಮುಂದಕ್ಕೆ. ಇಂಗ್ಲಿಷಿನ ‘ಅಡ್ವಾನ್ಸ್’ ಕೂಡ ಹೀಗೆಯೇ: ಸೈನ್ಯ ಮುನ್ನಡೆಯುವುದೂ ‘ಅಡ್ವಾನ್ಸ್’, ಕೆಲಸಕ್ಕೆ ಮೊದಲೇ ಕೊಡುವ ಮುಂಗಡವೂ ‘ಅಡ್ವಾನ್ಸ್’. ಬುಧವಾರದ ಸಭೆಯನ್ನು ಎರಡು ದಿನ ‘ಫಾರ್ವರ್ಡ್’ ಸರಿಸಿದೆ ಎಂದು ಹೇಳಿದರೆ ಇಂಗ್ಲಿಷೇ ಮಾತೃಭಾಷೆಯಾದವರಲ್ಲೂ ಕೆಲವರು ಸೋಮವಾರವೆಂದೂ ಕೆಲವರು ಶುಕ್ರವಾರವೆಂದೂ ತಿಳಿಯುತ್ತಾರೆ. ಕಾಲವನ್ನು ದಾರಿಯಂತೆ ಕಾಣುವ ಯಾವ ಭಾಷೆಗೂ ಈ ತೊಡಕು ತಪ್ಪಿದ್ದಲ್ಲ.

ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಎಂದು ಮೂರು ಭಾಷೆಗಳ ನಡುವೆ ಬೆಳೆಯುವ ಮಗುವಿಗೆ ಇಂಥ ವ್ಯತ್ಯಾಸ ಹೊಸದೇನಲ್ಲ. ಒಂದು ಭಾಷೆಯ ಮಾತನ್ನು ಇನ್ನೊಂದಕ್ಕೆ ಹಾಗೆಯೇ ಎತ್ತಿಡಲಾಗದು ಎಂಬುದನ್ನು ಅದು ದಿನವೂ ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಟದ ಬಯಲಿನಲ್ಲಿ ಕಲಿಯುತ್ತಿದೆ. ಇಂಗ್ಲಿಷಿನ ಪುಸ್ತಕ ತೆರೆದಾಗಲೂ ಆ ತಿಳಿವಳಿಕೆಯನ್ನು ಜೊತೆಗೆ ಇಟ್ಟುಕೊಂಡರಾಯಿತು.

6. ಹೆತ್ತವರಲ್ಲಿ ಎರಡು ಮಾತು

ಈ ನುಡಿ ಪಠ್ಯಪುಸ್ತಕಕ್ಕೆ ಮಾತ್ರ ಸೇರಿದ್ದಲ್ಲ. ಚಿಕಿತ್ಸೆಗೆಂದು ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುವವರು ನಮ್ಮಲ್ಲಿ ಬಹಳ ಮಂದಿ. ಶಸ್ತ್ರಚಿಕಿತ್ಸೆಯ ಮಾತು ಬಂದಾಗ ವೈದ್ಯರು ‘ಷಲ್ ವೀ ಗೋ ಅಹೆಡ್?’ ಎಂದು ಕೇಳಿದರೆ, ಅವರು ಕೇಳುತ್ತಿರುವುದು ನಿಮ್ಮ ಒಪ್ಪಿಗೆಯನ್ನು. ‘ಮುಂದಕ್ಕೆ ಹಾಕೋಣವೇ?’ ಎಂದು ತಿಳಿದು ತಲೆಯಾಡಿಸಿದರೆ, ಬೇಡವೆಂದುಕೊಂಡದ್ದಕ್ಕೆ ಒಪ್ಪಿಗೆ ಕೊಟ್ಟಂತಾಗುತ್ತದೆ. ಹಣದ ವ್ಯವಹಾರದಲ್ಲಿಯೂ ಅಷ್ಟೇ. ಫೋನಿನಲ್ಲಿ ಯಾರಾದರೂ ‘ಕೆನ್ ಐ ಗೋ ಅಹೆಡ್?’ ಎಂದು ಕೇಳಿದಾಗ ‘ಯೆಸ್’ ಎಂದರೆ ಅದು ಅನುಮತಿ. ಅರ್ಥವಾಗದಿದ್ದರೆ ‘ಕನ್ನಡದಲ್ಲಿ ಹೇಳಿ’ ಎಂದು ಕೇಳುವುದರಲ್ಲಿ ಯಾವ ನಾಚಿಕೆಯೂ ಇಲ್ಲ. ಅರ್ಥವಾದ ಮೇಲೆ ಉತ್ತರಿಸಿದರೆ ಸಾಕು.

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಪ್ಲಸ್ ವನ್ ತರಗತಿಗೆ ಹೋದಾಗ ಇಂಗ್ಲಿಷಿನ ಪಾಠಗಳೆದುರು ತಡವರಿಸುತ್ತಾರೆಂಬ ಚಿಂತೆ ಹಲವು ಮನೆಗಳಲ್ಲಿದೆ. ಚಿಂತೆ ಸಹಜವೇ. ಆದರೆ ಮೇಲಿನ ಉದಾಹರಣೆಗಳನ್ನು ಇನ್ನೊಮ್ಮೆ ನೋಡಿ. ‘ವಿತ್’ ಎಲ್ಲಿ ಬೇಕೆಂಬುದನ್ನು ನಾವು ಕನ್ನಡದ ‘ಇಸು’ ಪ್ರತ್ಯಯದಿಂದ ತಿಳಿದೆವು. ‘ವೆಂಟ್ ಅಹೆಡ್’ ಎಂಬುದರ ಒತ್ತನ್ನು ‘ಆಡಿಯೇ ಬಿಟ್ಟರು’ ಎಂಬುದರಿಂದ ತಿಳಿದೆವು. ಕನ್ನಡವನ್ನು ಸರಿಯಾಗಿ ನೋಡಿದಲ್ಲೆಲ್ಲ ಇಂಗ್ಲಿಷ್ ಸುಲಭವಾಯಿತು. ಕನ್ನಡದ ಪದಗಳನ್ನು ಯೋಚಿಸದೆ ಜೋಡಿಸಿದಲ್ಲಿ ಮಾತ್ರ ಎಡವಿದೆವು. ಆದುದರಿಂದ ಇಂಗ್ಲಿಷ್ ಕಲಿಯಲು ಕನ್ನಡವನ್ನು ಬದಿಗಿಡಬೇಕೆಂಬ ಮಾತು ಸರಿಯಲ್ಲ. ಮಗು ಓದಿದ ಒಂದು ಇಂಗ್ಲಿಷ್ ವಾಕ್ಯವನ್ನು ದಿನಕ್ಕೊಮ್ಮೆ ಮನೆಮಾತಿನಲ್ಲಿ ಹೇಳಿಸಿ ಕೇಳಿ. ನಿಮಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ಮಗು ಹೇಳಿದ್ದು ನಿಮಗೆ ಅರ್ಥವಾಗದಿದ್ದರೆ ಆ ವಾಕ್ಯ ಅದಕ್ಕೂ ಸರಿಯಾಗಿ ಅರ್ಥವಾಗಿಲ್ಲವೆಂದು ತಿಳಿಯಬಹುದು.

7. ಅಭ್ಯಾಸ

ಕೆಳಗಿನವುಗಳಿಗೆ ಸರಿಯಾದ ಇಂಗ್ಲಿಷ್ ನುಡಿ ಯಾವುದೆಂದು ಯೋಚಿಸಿರಿ. ಉತ್ತರಗಳನ್ನು ಕೊನೆಯಲ್ಲಿ ಕೊಟ್ಟಿದೆ, ಮೊದಲೇ ನೋಡಬೇಡಿರಿ.

(1) ಮಳೆ ಬಂದರೂ ವಾರ್ಷಿಕೋತ್ಸವ ನಡೆಯಿತು.
(2) ‘ನಿಮ್ಮ ಪೆನ್ನು ತೆಗೆದುಕೊಳ್ಳಲೇ?’ ‘ಅಡ್ಡಿಯಿಲ್ಲ, ತೆಗೆದುಕೊ.’
(3) ಕತೆಯನ್ನು ನಡುವೆ ನಿಲ್ಲಿಸಿದೆ ಯಾಕಜ್ಜಿ? ಮುಂದೆ ಹೇಳು.
(4) ಬಡತನದಲ್ಲಿ ಹುಟ್ಟಿದರೂ ಆತ ಜೀವನದಲ್ಲಿ ಮುಂದೆ ಬಂದ.
(5) 10ನೆಯ ತಾರೀಕಿನ ಪಂದ್ಯ 17ಕ್ಕೆ ಮುಂದೆ ಹೋಯಿತು.
(6) ನೆರೆ ಬಂದಾಗ ಸಹಾಯಕ್ಕೆ ಯುವಕರು ಮುಂದೆ ಬಂದರು.

ಉತ್ತರಗಳು: (1) ವೆಂಟ್ ಅಹೆಡ್, (2) ಗೋ ಅಹೆಡ್, (3) ಗೋ ಆನ್, (4) ಗಾಟ್ ಅಹೆಡ್, ಅಥವಾ ಗಾಟ್ ಆನ್, (5) ವಾಸ್ ಪುಟ್ ಆಫ್, ಅಥವಾ ವಾಸ್ ಪೋಸ್ಟ್‌ಪೋನ್ಡ್, (6) ಕೇಮ್ ಫಾರ್ವರ್ಡ್.

ಕನ್ನಡದ ಕೊನೆಯ ನಾಲ್ಕು ವಾಕ್ಯಗಳಲ್ಲಿಯೂ ‘ಮುಂದೆ’ ಎಂಬ ಒಂದೇ ಪದವಿದೆ. ಇಂಗ್ಲಿಷಿನಲ್ಲಿ ನಾಲ್ಕಕ್ಕೂ ಬೇರೆ ಬೇರೆ ನುಡಿಗಳು ಬಂದವು. ಐದನೆಯ ವಾಕ್ಯದಲ್ಲಿ ‘ವೆಂಟ್ ಅಹೆಡ್’ ಎಂದು ಬರೆದವರು ಈ ಪಾಠದ ಮೊದಲ ಭಾಗವನ್ನು ಇನ್ನೊಮ್ಮೆ ಓದಬೇಕು. ಆರನ್ನೂ ಸರಿಯಾಗಿ ಬರೆದವರು ತಮ್ಮ ಪಕ್ಕದಲ್ಲಿ ಕುಳಿತವರಿಗೆ ಅದನ್ನು ಕನ್ನಡದಲ್ಲಿ ವಿವರಿಸಿ ಹೇಳಲಿ. ತಿಳಿಯದವನಿಗೆ ತಿಳಿಯುವಂತೆ ಹೇಳಲು ಬಂದರೆ ಪಾಠ ನಿಮ್ಮದಾಯಿತು. ಆಮೇಲೆ ಮುಂದಿನ ಪಾಠಕ್ಕೆ ಧೈರ್ಯವಾಗಿ ‘ಗೋ ಅಹೆಡ್’ ಎನ್ನಬಹುದು.